ಕುಡಿತ ಬಿಟ್ಟ ಮಾತ್ರಕ್ಕೆ ಹೊಡೆತ ನಿಲ್ಲುವುದಿಲ್ಲ: ಅಪ್ಪಂದಿರ ಚಿಕಿತ್ಸೆ ಹೇಗಿರಬೇಕು?

ಮಾನ್ಯ ಸಂಪಾದಕರೇ,

‘ಕುಡಿದ ಅಮಲಿನಲ್ಲಿ ಪತ್ನಿಯ ಮೇಲೆ ಹಲ್ಲೆ’ ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಇದ್ದೇ ಇರುತ್ತದೆ. ಓದಿದವರು ಹೆಂಡಕ್ಕೆ ಹಿಡಿಶಾಪ ಹಾಕಿ ಪುಟ ತಿರುಗಿಸುತ್ತಾರೆ. ವ್ಯಸನಮುಕ್ತಿ ವಾರ್ಡುಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಗಂಡಸಿನ ಕೈನಡುಕ, ಪಿತ್ತಜನಕಾಂಗ, ನಿದ್ದೆ ಎಲ್ಲದರ ವಿವರವೂ ಕೇಸ್ ಶೀಟಿನಲ್ಲಿ ಇರುತ್ತದೆ. ಮನೆಯಲ್ಲಿ ಹೊಡೆಯುತ್ತಾನೆಯೇ, ಮಕ್ಕಳೆದುರು ಹೊಡೆಯುತ್ತಾನೆಯೇ ಎಂಬ ಕಡೆ ಖಾಲಿ, ಇಲ್ಲವೇ ‘ಕೌಟುಂಬಿಕ ಕಲಹ’ ಎಂಬ ಎರಡು ಪದ. ಹೆಂಡತಿಯ ದೂರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಇನ್ನೊಂದು ಕಡತದಲ್ಲಿ ಇರುತ್ತದೆ. ಮಕ್ಕಳ ಪಾಲಿಗೆ ಕಡತವೇ ಇರುವುದಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನಮ್ಮ ಅಹವಾಲು ಇಷ್ಟೇ: ಕುಡಿಯುವ, ಹೊಡೆಯುವ ಅಪ್ಪನಿಗೆ ಎರಡಕ್ಕೂ ಒಂದೇ ಕಡೆ, ಒಂದೇ ತಂಡದಿಂದ, ಒಟ್ಟೊಟ್ಟಿಗೆ ಚಿಕಿತ್ಸೆ ಸಿಗಬೇಕು. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಮನ್ನಿಸಿ.

ಮೊದಲು ಅಂಕಿಅಂಶ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದೂ ಒಂದು ಕಾರಣ ಇರಬಹುದು. ಅದೇ ಸಮೀಕ್ಷೆಯಲ್ಲಿ ರಾಜ್ಯದ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಕುಡಿಯುತ್ತೇವೆ ಎಂದವರು ಶೇ 16.5 ಮಾತ್ರ. ಈ ಎರಡು ಸಂಖ್ಯೆಗಳನ್ನು ನೇರವಾಗಿ ತಾಳೆ ಹಾಕಲಾಗದು ನಿಜ, ಆದರೂ ಹೊಡೆಯುವವರೆಲ್ಲ ಕುಡುಕರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗೆಂದು ಕುಡಿತದ ಪಾತ್ರ ಸಣ್ಣದೂ ಅಲ್ಲ. ಇಡೀ ದೇಶದ ಲೆಕ್ಕದಲ್ಲಿ, ಗಂಡ ಪದೇಪದೇ ಕುಡಿದು ಬರುವ ಮನೆಗಳ ಹೆಂಗಸರಲ್ಲಿ ಶೇ 70ರಷ್ಟು ಮಂದಿ ಹಿಂಸೆ ಕಂಡವರು. ಗಂಡ ಕುಡಿಯದ ಮನೆಗಳಲ್ಲಿ ಇದು ಶೇ 23. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ಏಟನ್ನು ಬಲವಾಗಿಸುತ್ತದೆ. ಆದರೆ ಹೆಂಡತಿ ತನ್ನ ಸೊತ್ತು, ಮನೆಯಲ್ಲಿ ತನ್ನ ಮಾತೇ ನಡೆಯಬೇಕು ಎಂಬ ನಂಬಿಕೆಯನ್ನು ಬಾಟಲಿ ಹುಟ್ಟುಹಾಕುವುದಿಲ್ಲ.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಾನಿಕರ ಮಟ್ಟದಲ್ಲಿ ಕುಡಿಯುವ 377 ಗಂಡಸರ ಮೇಲೆ ನಡೆದ ಒಂದು ಪ್ರಯೋಗ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಒಂದರಿಂದ ನಾಲ್ಕು ಸಲ ಮಾತನಾಡಿಸಿದ್ದರಿಂದಲೇ ಮೂರು ತಿಂಗಳ ಹೊತ್ತಿಗೆ ಆ ಗುಂಪಿನ ಶೇ 36ರಷ್ಟು ಮಂದಿ ಹಾನಿಕರ ಕುಡಿತದಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 26. ಇಷ್ಟು ಕಡಿಮೆ ಖರ್ಚಿನ ಕ್ರಮಕ್ಕೆ ಇದು ಒಳ್ಳೆಯ ಫಲ. ಆದರೆ ಹೆಂಡತಿಯ ಮೇಲಿನ ಹಿಂಸೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ವೀಣಾ ಸತ್ಯನಾರಾಯಣ ಮತ್ತು ಸಂಗಡಿಗರು ಪ್ರಕಟಿಸಿದ ದಕ್ಷಿಣ ಭಾರತದ ಅಧ್ಯಯನದಲ್ಲಿ ಕುಡಿತ ಮತ್ತು ಹಿಂಸೆ ಎರಡನ್ನೂ ಸೇರಿಸಿಯೇ ಚಿಕಿತ್ಸೆ ರೂಪಿಸಿದ್ದರು. ಅಲ್ಲಿ ಹಿಂಸೆ ಇಳಿಯಿತು, ಹೆಂಡತಿಯರ ಮಾನಸಿಕ ಆರೋಗ್ಯವೂ ಸುಧಾರಿಸಿತು. ಹಿಂಸೆ ಇಳಿಯಬೇಕೆಂದರೆ ಹಿಂಸೆಯ ಮೇಲೆಯೇ ಕೆಲಸ ಮಾಡಬೇಕು.

ಇನ್ನು ಕ್ರಮದ ಮಾತು. ಮೊದಲ ವಾರ ವೈದ್ಯರದು. ದಿನಕ್ಕೆ ಎಷ್ಟು ಎಂದು ಕೇಳಿದರೆ ‘ಒಂದು ಕ್ವಾರ್ಟರ್ ಅಷ್ಟೇ ಸಾರ್’ ಎಂಬ ಉತ್ತರ ಬರುತ್ತದೆ. ಕ್ವಾರ್ಟರ್ ಎಂದರೆ 180 ಮಿ.ಲೀ. ಶೇ 42.8 ಮದ್ಯಸಾರದ ಲೆಕ್ಕದಲ್ಲಿ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್, ಅಂದರೆ 30 ಮಿ.ಲೀ.ಯ ಆರು ಪೆಗ್. ಒಂದು ಸ್ಟ್ರಾಂಗ್ ಬಿಯರ್ ಬಾಟಲಿ (650 ಮಿ.ಲೀ.) ನಾಲ್ಕು ಪೆಗ್‌ಗೆ ಸಮ, ನೈಂಟಿ ಎಂದರೆ ಮೂರು ಪೆಗ್. ಪ್ರಮಾಣಕ್ಕಿಂತ ಮುಖ್ಯವಾದದ್ದು ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಕುಡಿಯುತ್ತಾನೆಯೇ ಎಂಬ ಪ್ರಶ್ನೆ. ಹೌದಾದರೆ ಏಕಾಏಕಿ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಿನ 6ರಿಂದ 24 ತಾಸಿನೊಳಗೆ ನಡುಕ, ಬೆವರು, ವಾಂತಿ, ತಳಮಳ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿದು ಇಲ್ಲದ್ದು ಕಾಣಿಸಬಹುದು, ಯಾರೋ ಕೊಲ್ಲಲು ಬಂದರೆಂದು ಪಕ್ಕದಲ್ಲಿದ್ದವರ ಮೇಲೆಯೇ ಎರಗಬಹುದು. ಚಿಕಿತ್ಸೆ ಇಲ್ಲದಿದ್ದರೆ ಇದು ಪ್ರಾಣಕ್ಕೇ ಎರವಾಗುತ್ತದೆ. ದೇವರ ಮುಂದೆ ಆಣೆ ಇಟ್ಟೋ ಮಾಲೆ ಹಾಕಿಯೋ ಒಂದೇ ದಿನಕ್ಕೆ ಬಿಟ್ಟವರು ಮೂರನೇ ದಿನ ಆಸ್ಪತ್ರೆ ಸೇರುವುದು ಇದೇ ಕಾರಣಕ್ಕೆ. ವ್ರತ ಹಿಡಿಯಬೇಡಿ ಎನ್ನುತ್ತಿಲ್ಲ, ಮೊದಲು ವೈದ್ಯರನ್ನು ಕಂಡು ಆಮೇಲೆ ಹಿಡಿಯಿರಿ.

ಈ ಹಂತಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಬಳಸುತ್ತಾರೆ. ಪಿತ್ತಜನಕಾಂಗ ಹಾಳಾಗಿದ್ದರೆ ಲೊರಾಜೆಪಾಮ್. ಮೊದಲ ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸುತ್ತ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ನಿಲ್ಲಿಸಬೇಕು. ಚೀಟಿ ಹಿಡಿದು ಅದೇ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಿಂಗಳುಗಟ್ಟಲೆ ನುಂಗಿದರೆ ಹೊಸದೊಂದು ಚಟ ಅಂಟಿಕೊಳ್ಳುತ್ತದೆ. ಇನ್ನೊಂದು ಎಡವಟ್ಟು, ‘ಸುಸ್ತಾಗಿದೆ’ ಎಂದು ಬಂದವನಿಗೆ ನೇರವಾಗಿ ಗ್ಲೂಕೋಸ್ ಬಾಟಲಿ ಏರಿಸುವುದು. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವನ ಮೈಯಲ್ಲಿ ಥಯಾಮಿನ್ (ಬಿ1 ಜೀವಸತ್ವ) ಬರಿದಾಗಿರುತ್ತದೆ. ಗ್ಲೂಕೋಸಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಹೋಗದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿಯದೆಯೂ ತೂರಾಡುವುದು, ಕಣ್ಣುಗುಡ್ಡೆ ಓಲಾಡುವುದು, ಗಲಿಬಿಲಿ ಅದರ ಲಕ್ಷಣ. ‘ಇನ್ನೂ ಇಳಿದಿಲ್ಲ’ ಎಂದು ಮನೆಯವರೂ ಕೆಲವೊಮ್ಮೆ ಸಿಬ್ಬಂದಿಯೂ ಇದನ್ನು ಕಡೆಗಣಿಸುತ್ತಾರೆ.

ಮತ್ತೆ ಕುಡಿಯದಂತೆ ತಡೆಯುವ ಮಾತ್ರೆಗಳಲ್ಲಿ ನಾಲ್ಟ್ರೆಕ್ಸೋನ್ ದಿನಕ್ಕೆ 50 ಮಿಲಿಗ್ರಾಂ, ಒಂದೇ ಮಾತ್ರೆ. ಅಕಾಂಪ್ರೊಸೇಟ್ 333 ಮಿಲಿಗ್ರಾಂನದು, ಹೊತ್ತಿಗೆ ಎರಡರಂತೆ ದಿನಕ್ಕೆ ಆರು. ಪಿತ್ತಜನಕಾಂಗಕ್ಕೆ ತೊಂದರೆ ಕೊಡದಿದ್ದರೂ ಆರು ಮಾತ್ರೆ ನುಂಗಲು ಬೇಸತ್ತು ಬಿಡುವವರು ಹೆಚ್ಚು. ಮೂರನೆಯದಾದ ಡೈಸಲ್ಫಿರಾಮ್ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಏರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ‘ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂದು ಹೆಂಡತಿಯ ಕೈಗೆ ಪುಡಿ ಕೊಡುವವರು ಈಗಲೂ ಇದ್ದಾರೆ. ಗಂಡ ಬಾರಿನಲ್ಲಿ ಕುಸಿದು ಬಿದ್ದು ಸಾಯಬಹುದು. ಬದುಕಿ ಬಂದು, ಸಾರಿನಲ್ಲಿ ಏನೋ ಇತ್ತೆಂದು ಗೊತ್ತಾದರೆ ‘ವಿಷ ಹಾಕಿದಳು’ ಎಂದು ಆ ರಾತ್ರಿ ಆಕೆಯ ಜೀವವೇ ಹೋಗಬಹುದು. ಅವನ ಒಪ್ಪಿಗೆ, ಪಿತ್ತಜನಕಾಂಗ ಮತ್ತು ಹೃದಯದ ತಪಾಸಣೆ, ಕೊನೆಯ ಕುಡಿತದ ನಂತರ ಕನಿಷ್ಠ ಒಂದು ದಿನದ ಅಂತರ ಇಲ್ಲದೆ ಈ ಮಾತ್ರೆ ಕೊಡಕೂಡದು. ಹೊಡೆಯುವ ಗಂಡನ ಮಾತ್ರೆಯ ಉಸ್ತುವಾರಿಯನ್ನು ಹೆಂಡತಿಗೆ ವಹಿಸುವುದೂ ತಪ್ಪು. ಅಣ್ಣನೋ ಭಾವನೋ ಆಶಾ ಕಾರ್ಯಕರ್ತೆಯೋ ನೋಡಿಕೊಳ್ಳಲಿ.

ಸಂಶಯದ ಕಾಯಿಲೆಯನ್ನು ಬೇರೆಯಾಗಿಯೇ ಕೇಳಿ ತಿಳಿಯಬೇಕು. ಹಳೆಯ ಕುಡುಕರಲ್ಲಿ ಹೆಂಡತಿಯ ಶೀಲದ ಮೇಲಿನ ಅನುಮಾನ ಭ್ರಮೆಯ ಮಟ್ಟಕ್ಕೆ ಏರುವುದುಂಟು. ಫೋನ್ ಕಸಿದು ನೋಡುವುದು, ಸೀರೆ ಒಳಬಟ್ಟೆ ತಪಾಸಣೆ ಮಾಡುವುದು, ಕೆಲಸದಿಂದ ಹತ್ತು ನಿಮಿಷ ತಡವಾದರೆ ವಿಚಾರಣೆ, ‘ಈ ಮಗು ನನ್ನದಲ್ಲ’ ಎಂಬ ಮಾತು ಇದರ ಗುರುತು. ಕುಡಿತ ಬಿಟ್ಟ ಮೇಲೂ ಇದು ಉಳಿಯಬಹುದು. ಆಗ ಮನೋವೈದ್ಯರ ಬೇರೆಯೇ ಔಷಧಿ ಬೇಕು. ಡೈಸಲ್ಫಿರಾಮ್ ಕೆಲವರಲ್ಲಿ ಭ್ರಮೆಯನ್ನು ಕೆರಳಿಸುತ್ತದೆ, ಹಾಗಾಗಿ ಇಂಥವರಿಗೆ ಅದು ಬೇಡ. ‘ಆಣೆ ಮಾಡಿ ಹೇಳಮ್ಮಾ, ಅವರಿಗೂ ಸಮಾಧಾನವಾಗಲಿ’ ಎಂದು ಹೆಂಡತಿಯಿಂದ ಪ್ರಮಾಣ ಮಾಡಿಸುವ ಹಿರಿಯರಿಗೆ ಒಂದು ಮಾತು: ಭ್ರಮೆ ಆಣೆಗೆ ಬಗ್ಗುವುದಿಲ್ಲ. ಈ ಲಕ್ಷಣ ಇರುವ ಮನೆಯಲ್ಲಿ ಕೊಲೆಯ ಅಪಾಯ ನಿಜವಾದದ್ದು.

ಹೆಂಡತಿಯನ್ನು ಒಬ್ಬಳೇ ಕೂರಿಸಿ ಮಾತನಾಡಿಸಬೇಕು. ವಾರ್ಡಿನ ಮಂಚದ ಪಕ್ಕದಲ್ಲಿ, ಅತ್ತೆ ಗಂಡ ಇಬ್ಬರೂ ನಿಂತಿರುವಾಗ ‘ಮನೆಯಲ್ಲಿ ಹೊಡೀತಾರಾ?’ ಎಂದರೆ ‘ಕುಡಿದಾಗ ಮಾತ್ರ, ಇಲ್ಲದಿದ್ರೆ ದೇವರಂಥವರು’ ಎಂಬ ಉತ್ತರ ಬಿಟ್ಟು ಇನ್ನೇನು ಬರಲು ಸಾಧ್ಯ? ‘ಹಿಂಸೆ ಇದೆಯೇ’ ಎಂಬಂಥ ದೊಡ್ಡ ಮಾತೂ ಕೆಲಸಕ್ಕೆ ಬರದು. ಬಿಡಿಬಿಡಿಯಾಗಿ ಕೇಳಬೇಕು: ಕಳೆದ ತಿಂಗಳು ಎಷ್ಟು ಸಲ ಕೈ ಮಾಡಿದರು, ಯಾವುದರಿಂದ, ಎಲ್ಲಿಗೆ ಪೆಟ್ಟು ಬಿತ್ತು, ಬೇಡವೆಂದರೂ ಬಲವಂತವಾಗಿ ಕೂಡಿದರೇ, ಕುತ್ತಿಗೆ ಹಿಸುಕಿದ್ದುಂಟೇ, ಮಚ್ಚು, ಕುಡುಗೋಲು, ಸೀಮೆಎಣ್ಣೆ ತೋರಿಸಿ ಹೆದರಿಸಿದರೇ, ಬಸುರಿಯಾಗಿದ್ದಾಗ ಹೊಡೆದರೇ, ‘ನಿಮ್ಮನ್ನೆಲ್ಲ ಮುಗಿಸಿ ನಾನೂ ಸಾಯ್ತೀನಿ’ ಎಂದರೇ, ತವರಿಗೆ ಹೋದಾಗ ಅಲ್ಲಿಗೂ ಬಂದು ಗಲಾಟೆ ಮಾಡಿದರೇ? ಕುತ್ತಿಗೆ ಹಿಸುಕಿದ್ದನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬಾರದು. ಹೊರಗೆ ಗುರುತು ಕಾಣದಿದ್ದರೂ ದನಿ ಗೊಗ್ಗರಾಗುವುದು, ನುಂಗಲು ಕಷ್ಟವಾಗುವುದು, ಕಣ್ಣ ಬಿಳಿಯಲ್ಲಿ ಕೆಂಪು ಚುಕ್ಕಿ ಮೂಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಹಿಸುಕಿದವನು ಮುಂದೆ ಕೊಲ್ಲುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಇಂಥ ಉತ್ತರಗಳು ಬಂದಲ್ಲಿ ದಂಪತಿಯನ್ನು ಜೊತೆಗೆ ಕೂರಿಸಿ ಸಮಾಲೋಚನೆ ಮಾಡುವ ಪ್ರಶ್ನೆಯೇ ಇಲ್ಲ. ಕೋಣೆಯಲ್ಲಿ ಆಕೆ ಆಡಿದ ಸತ್ಯಕ್ಕೆ ಮನೆಯಲ್ಲಿ ಏಟು ಬೀಳುತ್ತದೆ.

ಆಕೆ ಹೇಳಿದ್ದು ಗಂಡನ ಕೇಸ್ ಶೀಟಿನಲ್ಲಿ ಅವನ ಕಣ್ಣಿಗೆ ಬೀಳುವಂತೆ ಇರಬಾರದು. ಫೋನ್ ಮಾಡುವುದಾದರೆ ಯಾವ ಹೊತ್ತಿಗೆ, ಯಾವ ನಂಬರಿಗೆ, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನು ಮೊದಲೇ ಆಕೆಯನ್ನು ಕೇಳಿ ಬರೆದುಕೊಳ್ಳಬೇಕು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ನಕಲು, ಸ್ವಲ್ಪ ನಗದು ಒಂದು ಚೀಲದಲ್ಲಿ ನಂಬಿಕಸ್ಥರ ಮನೆಯಲ್ಲಿರಲಿ. ಗಲಾಟೆ ಶುರುವಾದರೆ ಅಡುಗೆಮನೆ, ಬಚ್ಚಲುಮನೆ ಕಡೆ ಹೋಗದೆ ಬಾಗಿಲಿನ ಕಡೆ ಇರಬೇಕು. ಹೊಲಕ್ಕೆ ತಂದ ಕೀಟನಾಶಕ ಮನೆಯೊಳಗೆ ಇರಕೂಡದು; ಸಿಟ್ಟಿನ ಗಳಿಗೆಯಲ್ಲಿ ಅದನ್ನು ಕುಡಿಯುವವರು ಗಂಡನೂ ಆಗಬಹುದು, ಹೆಂಡತಿಯೂ ಆಗಬಹುದು, ಹದಿಹರೆಯದ ಮಕ್ಕಳೂ ಆಗಬಹುದು.

ಅಪ್ಪನ ಜೊತೆಗಿನ ಕೆಲಸ ಶುರುವಾಗುವುದು ಎರಡನೇ ವಾರದಿಂದ, ತಲೆ ತಿಳಿಯಾದ ಮೇಲೆ. ಅಮೆರಿಕದಲ್ಲಿ ಕಾರ್ಲಾ ಸ್ಟೋವರ್ ರೂಪಿಸಿದ ‘ಫಾದರ್ಸ್ ಫಾರ್ ಚೇಂಜ್’ ಎಂಬ ಚಿಕಿತ್ಸಾಕ್ರಮ ಹಿಡಿದ ದಾರಿ ನಮ್ಮಲ್ಲಿಗೂ ಹೊಂದುತ್ತದೆ. ‘ಹೆಂಡತಿಗೆ ಯಾಕೆ ಹೊಡೆದೆ’ ಎಂದು ಶುರು ಮಾಡಿದರೆ ಗಂಡಸು ವಾದಕ್ಕೆ ಇಳಿಯುತ್ತಾನೆ, ಆಕೆಯ ತಪ್ಪಿನ ಪಟ್ಟಿ ಬಿಚ್ಚುತ್ತಾನೆ. ‘ನಿಮ್ಮ ಮಗಳು ದೊಡ್ಡವಳಾದ ಮೇಲೆ ಅಪ್ಪನ ಬಗ್ಗೆ ಏನು ಹೇಳಬೇಕು ಅಂತ ನಿಮಗಿದೆ?’ ಎಂದು ಕೇಳಿದರೆ ಅದೇ ಗಂಡಸು ಸುಮ್ಮನಾಗುತ್ತಾನೆ. ಆಮೇಲೆ ಅವನ ಸ್ವಂತ ಅಪ್ಪನ ಮಾತು ಬರುತ್ತದೆ. ಹೊಡೆತ ತಿಂದು ಬೆಳೆದವರು ಇವರಲ್ಲಿ ಬಹಳ. ಆ ನೋವನ್ನು ಕೇಳಬೇಕು, ಆದರೆ ಅದನ್ನೇ ನೆಪವಾಗಲು ಬಿಡಬಾರದು. ‘ಆಗ ನಿಮಗೆ ಹೇಗನಿಸುತ್ತಿತ್ತು’ ಎಂಬ ಪ್ರಶ್ನೆಯ ಬೆನ್ನಿಗೇ ‘ಈಗ ನಿಮ್ಮ ಮಗನಿಗೆ?’ ಎಂಬುದು ಬರಬೇಕು.

ಇಲ್ಲಿ ತುಂಬ ಉಪಯೋಗಕ್ಕೆ ಬರುವುದು ಒಂದು ಹಾಳೆ. ಶನಿವಾರ, ಬಟವಾಡೆಯ ದಿನ, ತೆಗೆದುಕೊಳ್ಳಿ. ಹಾಳೆಯಲ್ಲಿ ಮೂರು ಕಲಂ: ಗಂಟೆ, ತಾನು ಏನು ಮಾಡಿದೆ, ಪ್ರತಿ ಮಗು ಆಗ ಎಲ್ಲಿತ್ತು. ಐದಕ್ಕೆ ಕೂಲಿ ಕೈಗೆ ಬಂತು. ಆರಕ್ಕೆ ಅಂಗಡಿ ಮುಂದೆ ನಿಂತು ನೈಂಟಿ. ಏಳೂವರೆಗೆ ಇನ್ನೊಂದು ನೈಂಟಿ, ಮೇಸ್ತ್ರಿಯ ಜೊತೆ ಮಾತಿನ ಚಕಮಕಿ. ಎಂಟೂವರೆಗೆ ಮನೆ. ಒಂಬತ್ತಕ್ಕೆ ‘ಸಾರು ಸಪ್ಪೆ’ ಎಂದು ತಟ್ಟೆ ಎಸೆದದ್ದು. ಮೊದಲೆರಡು ಕಲಂ ಸಲೀಸಾಗಿ ತುಂಬುತ್ತವೆ, ಮೂರನೆಯದು ಖಾಲಿ ಉಳಿಯುತ್ತದೆ. ಮಕ್ಕಳು ಎಲ್ಲಿದ್ದರೆಂದು ಅವನಿಗೆ ಗೊತ್ತೇ ಇರುವುದಿಲ್ಲ; ‘ಮಲಗಿದ್ರು’ ಎನ್ನುತ್ತಾನೆ. ತಾಯಿಯಿಂದ ಬೇರೆಯಾಗಿ ಕೇಳಿದರೆ ಚಿತ್ರವೇ ಬೇರೆ. ದೊಡ್ಡವಳು ಅಪ್ಪನ ಚಪ್ಪಲಿ ಸದ್ದಿಗೇ ಎದ್ದು ಈಳಿಗೆಮಣೆಯನ್ನೂ ಚಾಕುವನ್ನೂ ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಿರುತ್ತಾಳೆ. ಚಿಕ್ಕವನು ಹೊದಿಕೆಯೊಳಗೆ ಉಸಿರು ಬಿಗಿಹಿಡಿದು ನಿದ್ದೆಯ ನಟನೆ ಮಾಡುತ್ತಿರುತ್ತಾನೆ. ತಾಯಿಯ ಮಾತನ್ನು ಅಪ್ಪನಿಗೆ ಹಾಗೆಯೇ ಒಪ್ಪಿಸಬಾರದು, ಅದರಿಂದ ಆಕೆಗೆ ಅಪಾಯ. ‘ಇಂಥ ಮನೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ’ ಎಂದು ಹೇಳಿ, ಮೂರನೇ ಕಲಮನ್ನು ಅವನೇ ಊಹಿಸಿ ತುಂಬಲಿ. ಅಕ್ಷರ ಬಾರದವರಿಗೆ ಮನೆಯ ನಕ್ಷೆ ಬರೆದು ಹುಣಸೆ ಬೀಜ ಇಡಿಸಿದರೂ ಆದೀತು.

ಅದೇ ಹಾಳೆ ಇನ್ನೊಂದು ವಿಷಯವನ್ನೂ ಹೊರಗೆ ತರುತ್ತದೆ. ಮೇಸ್ತ್ರಿಯ ಜೊತೆ ಚಕಮಕಿಯಾದರೂ ಅವನ ಮೇಲೆ ಕೈ ಎತ್ತಲಿಲ್ಲ. ಬಾರಿನ ಕ್ಯಾಷಿಯರ್ ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬಂದ. ಮನೆಗೆ ಬಂದು ಬಾಗಿಲು ಹಾಕಿ, ಸೀರೆ ಮುಚ್ಚುವ ಕಡೆಗೇ ಹೊಡೆದ. ‘ಅಮಲಿನಲ್ಲಿ ಏನೂ ನೆನಪಿಲ್ಲ’ ಎಂಬುದು ಎಷ್ಟೋ ಸಲ ನಿಜ, ಹೆಚ್ಚು ಕುಡಿದಾಗ ಮಿದುಳು ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸುತ್ತದೆ. ನೆನಪಿಲ್ಲದಿದ್ದರೂ ಆ ಹೊತ್ತಿನಲ್ಲಿ ಆಯ್ಕೆ ಇತ್ತು ಎಂಬುದನ್ನು ಅವನು ತನ್ನ ಕೈಬರಹದಲ್ಲೇ ಕಾಣುತ್ತಾನೆ.

ಸಿಟ್ಟು ಏರುವಾಗ ಹೊರನಡೆಯುವ ಅಭ್ಯಾಸವನ್ನು ಎಲ್ಲ ಸಮಾಲೋಚಕರೂ ಕಲಿಸುತ್ತಾರೆ. ಅರ್ಧಂಬರ್ಧ ಕಲಿಸಿದರೆ ಇದೇ ಹೊಸ ಅಸ್ತ್ರವಾಗುತ್ತದೆ. ಸರಿಯಾದ ಕ್ರಮ ಹೀಗೆ: ಮೈ ಕೊಡುವ ಸೂಚನೆಯನ್ನು (ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ದನಿ ಏರುವುದು) ಅವನು ಗುರುತಿಸಬೇಕು. ‘ನನಗೆ ಸಿಟ್ಟು ಬರ್ತಿದೆ, ಒಂದು ಗಂಟೆ ಹೊರಗೆ ಹೋಗಿ ಬರ್ತೀನಿ’ ಎಂಬಷ್ಟೇ ಮಾತು. ಆ ಒಂದು ಗಂಟೆ ನಡೆಯಬೇಕು. ಗಾಡಿ ಹತ್ತಬಾರದು, ಬಾರಿನ ಬೀದಿಗೆ ಹೋಗಬಾರದು, ಹೇಳಿದ ಹೊತ್ತಿಗೆ ಬರಬೇಕು, ಬಂದೊಡನೆ ಅದೇ ಜಗಳ ತೆಗೆಯಬಾರದು. ಕೆಡುವುದು ಎಲ್ಲಿ ಎಂದರೆ, ಹೊರಗೆ ಹೋದವನು ನೇರ ವೈನ್ ಶಾಪಿಗೆ ಹೋಗುತ್ತಾನೆ. ಇಲ್ಲವೇ ಹೆಂಡತಿ ಖರ್ಚಿನ ಲೆಕ್ಕ ಕೇಳಿದಾಗಲೆಲ್ಲ ‘ಡಾಕ್ಟ್ರು ಹೇಳಿದಾರೆ’ ಎಂದು ಎದ್ದು ಹೋಗುತ್ತಾನೆ. ಅವನನ್ನು ಹೊರಗೆ ಕಳಿಸುವ ಹೊಣೆ ಆಕೆಯದಲ್ಲ. ‘ನೀನು ನೆನಪಿಸಬೇಕಿತ್ತು’ ಎಂಬ ಮಾತಿಗೆ ಅವಕಾಶವಿಲ್ಲ ಎಂದು ಮೊದಲೇ ತಿಳಿಸಬೇಕು.

ಮನೆಗೆ ಮರಳಿದ ಮೊದಲ ಮೂರು ತಿಂಗಳು ಎಚ್ಚರ ಬೇಕಾದ ಕಾಲ. ನಿದ್ದೆ ಸರಿ ಇರುವುದಿಲ್ಲ, ಸಣ್ಣದಕ್ಕೂ ರೇಗುತ್ತದೆ. ಗಾಂಜಾ ಬಿಟ್ಟವರಲ್ಲೂ ಮೊದಲೆರಡು ವಾರ ಇದೇ ಪಾಡು. ಅದಕ್ಕಿಂತ ತೊಡಕಿನದು ಯಜಮಾನಿಕೆಯ ಪ್ರಶ್ನೆ. ಇಷ್ಟು ವರ್ಷ ಮನೆ ನಡೆಸಿದವಳು ಆಕೆ: ಸಂಘದ ಸಾಲ ಕಟ್ಟಿದ್ದು, ಮಕ್ಕಳ ಫೀಸು ಹೊಂದಿಸಿದ್ದು, ಗಾರ್ಮೆಂಟ್ಸಿನ ಪಾಳಿಗೆ ಹೋಗಿದ್ದು. ಇವನು ಕುಡಿತ ಬಿಟ್ಟು ಬಂದವನೇ ‘ಇನ್ನು ಲೆಕ್ಕ ನನಗೆ ಕೊಡು, ಕೆಲಸ ಬಿಡು’ ಎನ್ನುತ್ತಾನೆ, ಮಗಳ ಫೋನ್ ಕಿತ್ತುಕೊಳ್ಳುತ್ತಾನೆ, ಮಗನ ಅಂಕಪಟ್ಟಿ ಹಿಡಿದು ಕೂಗಾಡುತ್ತಾನೆ. ಕುಡಿಯದೆಯೂ ಮನೆ ಮತ್ತೆ ನಡುಗುತ್ತದೆ. ಸುತ್ತಲಿನವರು ‘ಕುಡಿತ ಬಿಟ್ಟಿದಾನಲ್ಲ, ಸ್ವಲ್ಪ ಸಹಿಸ್ಕೋ, ಮತ್ತೆ ಶುರು ಮಾಡಿದ್ರೆ?’ ಎಂದು ಆಕೆಯ ಬಾಯಿ ಮುಚ್ಚಿಸುತ್ತಾರೆ. ಅವನು ಮತ್ತೆ ಕುಡಿಯುವುದು ಬಿಡುವುದು ಆಕೆಯ ತಾಳ್ಮೆಯ ಮೇಲೆ ನಿಂತಿಲ್ಲ. ಮಕ್ಕಳನ್ನು ಗೂಢಚಾರರನ್ನಾಗಿ ಮಾಡುವುದೂ ಬೇಡ. ‘ಅಪ್ಪನ ಬಾಯಿ ಮೂಸಿ ನೋಡು’ ಎಂದು ಎಂಟು ವರ್ಷದ ಮಗುವಿಗೆ ಹೇಳಬೇಡಿ. ಅಪ್ಪನೂ ಮಗುವೂ ಜೊತೆಗೆ ಕೂರುವ ಸಮಾಲೋಚನೆ ಬರುವುದು ಕೊನೆಗೆ, ಹೊಡೆತ ನಿಂತಿದೆ ಎಂದು ತಾಯಿಯಿಂದ ಪ್ರತ್ಯೇಕವಾಗಿ ಖಾತ್ರಿಯಾದ ಮೇಲೆ. ಅಲ್ಲಿ ಅಪ್ಪ ‘ನಾನು ಮಾಡಿದ್ದು ತಪ್ಪು, ನಿನ್ನದೇನೂ ತಪ್ಪಿರಲಿಲ್ಲ’ ಎನ್ನಬೇಕು, ಅಷ್ಟೇ. ‘ಕ್ಷಮಿಸಿದೀಯಾ? ಬಾ, ತಬ್ಕೋ’ ಎಂದು ಮಗುವಿನಿಂದ ಉತ್ತರ ವಸೂಲು ಮಾಡುವಂತಿಲ್ಲ.

ತಿಂಗಳ ತಪಾಸಣೆಗೆ ಬಂದಾಗ ‘ಕುಡಿದಿದೀಯಾ?’ ಎಂಬ ಒಂದೇ ಪ್ರಶ್ನೆಗೆ ಮುಗಿಸಬಾರದು. ಹೆಂಡತಿಯನ್ನು ಬೇರೆ ಮಾತನಾಡಿಸಿ ಮೇಲೆ ಹೇಳಿದ ಬಿಡಿ ಪ್ರಶ್ನೆಗಳನ್ನೇ ಮತ್ತೆ ಕೇಳಿ, ಕುಡಿತದ್ದೂ ಹೊಡೆತದ್ದೂ ಎರಡೂ ಲೆಕ್ಕ ಬರೆದಿಡಬೇಕು. ಸಂಬಳದ ದಿನ, ಸಂತೆ, ಜಾತ್ರೆ, ಯುಗಾದಿಯ ಮಾರನೆಯ ದಿನ, ಮಾಲೆ ತೆಗೆಯುವ ದಿನ, ಇವುಗಳಿಗೆ ಮೊದಲೇ ಯೋಜನೆ ಇರಬೇಕು.

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲಿ ಎಂಟು ದಿನ ನಡೆಯುತ್ತವೆ, ಆಮೇಲೆ ನವಜೀವನ ಸಮಿತಿಗಳೂ ಇವೆ. ಊರೇ ಜೊತೆಗೆ ನಿಲ್ಲುವ ಆ ಬಲ ಆಸ್ಪತ್ರೆಗಿಲ್ಲ. ಇಂಥ ಶಿಬಿರ ನಡೆಸುವ ಎಲ್ಲರಿಗೂ ನಮ್ಮ ಸಲಹೆ: ಪ್ರವೇಶದ ದಿನವೇ ಫಿಟ್ಸ್ ಇತಿಹಾಸ ಕೇಳಿ ವೈದ್ಯರ ತಪಾಸಣೆ ಮಾಡಿಸಿ, ಹೆಂಡತಿಯರಿಗೆ ಪ್ರತ್ಯೇಕವಾಗಿ ಒಂದು ದಿನ ಮೀಸಲಿಡಿ, ಸಮಾರೋಪದಲ್ಲಿ ಗಂಡನ ಪಾದಪೂಜೆ ಮಾಡಿಸುವ ರೂಢಿ ಎಲ್ಲಾದರೂ ಇದ್ದರೆ ಕೈಬಿಡಿ. ಇನ್ನು ಕೆಲವು ಖಾಸಗಿ ಕೇಂದ್ರಗಳು ರಾತ್ರೋರಾತ್ರಿ ಗಾಡಿ ಕಳಿಸಿ ಎತ್ತಿಹಾಕಿಕೊಂಡು ಹೋಗುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲ, ಸರಪಳಿ ಕಟ್ಟುವುದನ್ನಂತೂ ನಿಷೇಧಿಸಿದೆ. ದಾಖಲಾತಿಗೆ ಸಹಿ ಹಾಕಿದವಳು ಹೆಂಡತಿಯಾದರೆ ಅವನು ಹೊರಬಂದ ದಿನ ಸೇಡು ತೀರುವುದು ಆಕೆಯ ಮೇಲೆ. ಅವನ ಅಣ್ಣತಮ್ಮಂದಿರು ಸಹಿಗೆ ಮುಂದೆ ಬರಲಿ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ ಕಳಿಸುವುದು ಇನ್ನೂ ನಿಂತಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಇದಕ್ಕಿಂತ ಗಟ್ಟಿಯಾದ ದಾರಿಯಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. 12ನೇ ಸೆಕ್ಷನ್ನಿನ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಬರಬೇಕು, 60 ದಿನಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. 18ರಡಿ ರಕ್ಷಣಾ ಆದೇಶ, 19ರಡಿ ಅವನನ್ನೇ ಮನೆಯಿಂದ ಹೊರಗಿರಿಸುವ ಆದೇಶ ಸಿಗಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಬಹಳ ಜನ ಬಳಸದೆ ಬಿಟ್ಟಿರುವುದು 14ನೇ ಸೆಕ್ಷನ್. ಪ್ರತಿವಾದಿಯನ್ನು ಒಬ್ಬನನ್ನೇ ಸಮಾಲೋಚನೆಗೆ ಕಳಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಹಿಂಸೆಗೆ ಸಮರ್ಥನೆ ಕೊಡುವುದಕ್ಕೆ ಆ ಸಮಾಲೋಚನೆಯಲ್ಲಿ ಎಡೆಯಿಲ್ಲ ಎಂದು 2006ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಈ ಆದೇಶಕ್ಕೂ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಚಿಕಿತ್ಸಾಲಯಕ್ಕೂ ಗಂಟು ಹಾಕಿದರೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಹೆಚ್ಚು ಬೇಡ. ಸಿಡಿಪಿಒ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಿಂಗಳಿಗೊಮ್ಮೆ ಒಂದೇ ಮೇಜಿಗೆ ಕೂತು ಹೆಸರಿನ ಪಟ್ಟಿ ನೋಡಿದರೆ ಸಾಕು. ಆರೋಗ್ಯ ಇಲಾಖೆಯೂ ಮಹಿಳಾ ಇಲಾಖೆಯೂ ಸೇರಿ ಇಂಥದ್ದೊಂದು ಜಂಟಿ ಸುತ್ತೋಲೆ ಹೊರಡಿಸಬೇಕೆಂಬುದು ನಮ್ಮ ಒತ್ತಾಯ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಇಂಥ ಹಲ್ಲೆಯ ಸುದ್ದಿ ಅಚ್ಚಾಗುವಾಗಲೆಲ್ಲ ಕೆಳಗೆ ಈ ಸಂಖ್ಯೆಗಳನ್ನೂ ಹಾಕಿ: ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100 (ಹೆಂಗಸರಿಗೆ ಆದಾಯದ ಮಿತಿ ಇಲ್ಲ), ಕುಡಿತ ಬಿಡಲು ಬಯಸುವ ಗಂಡಸರಿಗೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416, ಇಲ್ಲಿ ಕನ್ನಡದಲ್ಲೇ ಮಾತನಾಡಬಹುದು, ರಾತ್ರಿಯೂ ಕರೆ ಮಾಡಬಹುದು.

— ವ್ಯಸನ ಚಿಕಿತ್ಸೆ ಮತ್ತು ಕುಟುಂಬ ಸಮಾಲೋಚನೆಯಲ್ಲಿ ತೊಡಗಿರುವ ಕೆಲವರು, ಬೆಂಗಳೂರು